ಆರ್ಮುಗಂ ಮೇಸ್ತ್ರಿಯ ಮೂಗು

ಆರ್ಮುಗಂ ಮೇಸ್ತ್ರಿ ಯಾವುದನ್ನೂ ಬರೀ ಕಣ್ಣಿನಿಂದ ನಂಬಿದವರಲ್ಲ, ಮೊದಲು ಮೂಸಬೇಕು. ರೆಕ್ಸಿನ್ ಸುರುಳಿ ಬಂದರೆ ಮೂಸುವರು, ಪಕ್ಕದ ಹೋಟೆಲಿನಿಂದ ಕಾಫಿ ಬಂದರೆ ಮೂಸುವರು. ನಾನು ಮೊದಲ ಸಲ ಭದ್ರಾವತಿಯ ಅವರ ಅಂಗಡಿಗೆ ಹೋಗಿ ಪರಿಚಯದ ಚೀಟಿ ಕೊಟ್ಟಾಗ ಅದನ್ನೂ ಮೂಸಿದರು. ಆಮೇಲೆ ಕನ್ನಡಕವನ್ನು ಹಣೆಗೇರಿಸಿ, "ಇದನ್ನ ನೀನೇ ಬರ್ಕೊಂಡು ಬಂದಿಲ್ಲ ಅಂತ ಏನಮ್ಮಾ ಗ್ಯಾರಂಟಿ?" ಎಂದರು.

ಕಾರ್ಖಾನೆಗೆ ಹೋಗುವ ರಸ್ತೆಯಲ್ಲಿ ಅವರದು ಆಟೋ, ಬಸ್ಸುಗಳ ಸೀಟು ಹೊಲಿಯುವ ಅಂಗಡಿ. ಅದಕ್ಕೂ ಮೊದಲು ಇಪ್ಪತ್ತು ವರ್ಷ ಸೈನ್ಯದಲ್ಲಿ ಪ್ಯಾರಾಚೂಟ್ ಮಡಚಿ ಕಟ್ಟಿದ್ದರು. ನನಗೆ ಬೇಕಾಗಿದ್ದುದು ಆ ಹಳೆಯ ಆರ್ಮುಗಂ. ಎರಡು ಸಾವಿರದ ಇಸವಿಯ ಆಸುಪಾಸು ಅದು. ಶಿವಮೊಗ್ಗದ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಾ, ರವೀಂದ್ರನಗರದಲ್ಲಿ ಅಮ್ಮನ ಜೊತೆಗಿದ್ದೆ. ರಜೆ ಬಂತೆಂದರೆ ಬಯಲುಸೀಮೆಯ ಕಡೆಯ ಒಂದು ಕ್ಲಬ್ಬಿಗೆ ಹೋಗಿ ವಿಮಾನದಿಂದ ಧುಮುಕುತ್ತಿದ್ದೆ. ಹನ್ನೊಂದು ಸಲ ಧುಮುಕಿದ್ದಕ್ಕೇ ಸ್ವಂತ ಪ್ಯಾರಾಚೂಟ್ ಬೇಕೆನ್ನುವ ಹುಚ್ಚು ಹತ್ತಿತ್ತು. ಹೊಸದು ನನ್ನ ಕೈಗೆಟುಕುವ ಮಾತಲ್ಲ. "ಹಳೇದು ತಗೊಳ್ಳೋದಾದ್ರೆ ನಿಮ್ಮೂರ ಪಕ್ಕದಲ್ಲೇ ಒಬ್ರಿದಾರೆ. ಅವರು ಹೂಂ ಅಂದ್ರೆ ಮಾತ್ರ ತಗೊಳ್ಳಿ" ಎಂದು ತರಬೇತುದಾರರು ಚೀಟಿ ಬರೆದುಕೊಟ್ಟಿದ್ದರು.

ನಾವು ಬೆನ್ನಿಗೆ ಕಟ್ಟಿಕೊಳ್ಳುವ ಚೀಲದಲ್ಲಿ ಎರಡು ಪ್ಯಾರಾಚೂಟ್ ಇರುತ್ತವೆ. ದಿನಬಳಕೆಯದನ್ನು ನಾವೇ ಮಡಚಿಕೊಳ್ಳುತ್ತೇವೆ. ಅದು ಕೈಕೊಟ್ಟರೆ ಕಾಯುವುದು ಇನ್ನೊಂದು, ರಿಸರ್ವ್. ಅದನ್ನು ಬಲ್ಲವರೇ ಮಡಚಿ, ಕೆಂಪು ದಾರ ಕಟ್ಟಿ, ದಾರಕ್ಕೆ ಸೀಸದ ಮುದ್ರೆ ಒತ್ತಿ, ಕಾರ್ಡಿನಲ್ಲಿ ರುಜು ಹಾಕಬೇಕು. ದಾರ ಕಡಿಯದೆ ಒಳಗೆ ಏನಿದೆ ಎಂದು ನೋಡುವ ಹಾಗಿಲ್ಲ. ಹಳೆಯದನ್ನು ಕೊಳ್ಳುವವರು ಯಾರದೋ ರುಜು ನಂಬಿ ಜೀವ ಒಪ್ಪಿಸಬೇಕು. ಮೇಸ್ತ್ರಿಯ ತಕರಾರು ಇದ್ದುದು ಇಲ್ಲಿ.

"ಕಾಗದ ಹೇಳ್ಕೊಟ್ಟಿದ್ದನ್ನ ಹೇಳತ್ತೆ ಮಾ. ಬಟ್ಟೆಗೆ ಸುಳ್ಳು ಬರಲ್ಲ. ಒಳ್ಳೆ ಬಟ್ಟೆಗೆ ವಾಸನೆನೇ ಇರಲ್ಲ. ವಾಸನೆ ಇದೆ ಅಂದ್ರೆ ಅದರ ಹಿಂದೆ ಏನೋ ನಡೆದಿದೆ."

ಈ ಅನುಮಾನ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ, ಕೆಲಸದಿಂದ ಅಂಟಿದ್ದು. ಸೈನ್ಯದಲ್ಲಿ ಅವರಿದ್ದ ಕಡೆ ಒಂದು ಪದ್ಧತಿಯಿತ್ತಂತೆ. ಯಾವುದೋ ಬೆಳಿಗ್ಗೆ ಸಾಹೇಬರು ಬಂದು, ಮಡಚಿಟ್ಟ ಸಾಲಿನಲ್ಲಿ ಒಂದರ ಕಡೆ ಬೆರಳು ತೋರಿಸುವರು. ಅದನ್ನು ಕಟ್ಟಿದವನೇ ಅವತ್ತು ಅದನ್ನು ಬೆನ್ನಿಗೇರಿಸಿ ಧುಮುಕಬೇಕು. "ಹದಿನೇಳು ಸಲ ನಂದಕ್ಕೆ ಬೆರಳು ತೋರ್ಸಿದಾರೆ. ಹದಿನೇಳು ಸಲನೂ ಇವನು ಸರಿಯಾಗಿ ಕಟ್ಟಿದಾನೋ ಇಲ್ವೋ ಅಂತ ನನ್ನ ಮೇಲೇ ನನಗೆ ಡೌಟು!" ಅದಕ್ಕೇ ಮಾರುವವರು ಯಾರೇ ಇರಲಿ, ಅವರದು ಒಂದೇ ಪ್ರಶ್ನೆ: "ನಾಳೆ ನೀನು ಇದನ್ನ ಹಾಕ್ಕೊಂಡು ಹಾರ್ತೀಯಾ?" ಕೇಳಿ, ಉತ್ತರಕ್ಕೆ ಕಿವಿ ಕೊಡದೆ ಮುಖ ನೋಡುವರು.

ನಾನೂ ಬರುಬರುತ್ತಾ ಅವರ ಹಾಗೇ ಆದೆ. "ನಿನ್ನ ಅಕ್ಕನಿಗೆ ಗಂಡು ಹುಡುಕೋವಾಗ್ಲೂ ನಾವು ಇಷ್ಟು ವಿಚಾರಿಸಿಲ್ಲ ಮಾರಾಯ್ತಿ" ಎಂದು ಅಮ್ಮ ನಗುತ್ತಿದ್ದಳು.

ಮೊದಲು ಸಿಕ್ಕ ಒಂದು ಸೆಟ್ಟನ್ನು ಮೇಸ್ತ್ರಿ ಬೇಡವೆಂದರು. ಆಮೇಲೆ ನಮ್ಮೂರಿನ ಗೋಪಾಳ ಬಡಾವಣೆಯಲ್ಲಿ ಶಶಿಧರ ಎಂಬವರ ಬಳಿ ಒಂದು ಸೆಟ್ ಇದೆಯೆಂದು ತಿಳಿಯಿತು. ರಸ್ತೆ ಕಾಮಗಾರಿಯ ಕಂಟ್ರಾಕ್ಟರು. ಮದುವೆಯಾದ ಮೇಲೆ ಧುಮುಕುವುದನ್ನು ಬಿಟ್ಟಿದ್ದರು. ಮದುವೆಯಾದ ಮಾತ್ರಕ್ಕೆ ಬಿಡುತ್ತಾರೆಯೇ ಎಂದು ನನಗೆ ಆಗಲೇ ಸಂಶಯ. ಮೇಸ್ತ್ರಿ ಭದ್ರಾವತಿಯಿಂದ ಬಸ್ಸಿನಲ್ಲಿ ಬಂದರು. ದಾರಿಯಲ್ಲಿ ಆಟೋದೊಳಗೇ ಪಾಠ ಆಯಿತು: "ಅವರ ಮನೇಲಿ ಏನೂ ತಿನ್ಬೇಡ. ತಿಂದ್ರೆ ದಾಕ್ಷಿಣ್ಯ ಶುರುವಾಗತ್ತೆ. ದಾಕ್ಷಿಣ್ಯಕ್ಕೆ ಬಿದ್ದೋರು ಮೇಲಿಂದ ಬಿದ್ದಂಗೇ."

ಶಶಿಧರರ ತಾಯಿ ರಾಜಮ್ಮ ಬಿಸಿ ಕೇಸರಿಬಾತ್ ತಂದಿಟ್ಟರು. ನಾನು ತಿಂದುಬಿಟ್ಟೆ. ಮೇಸ್ತ್ರಿ ಮೂಸಿ, ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಮುದ್ರೆ ಸರಿಯಾಗಿತ್ತು, ಕಾರ್ಡಿನ ರುಜು ಸರಿಯಾಗಿತ್ತು. "ನಾಳೆ ಹಾರ್ತೀಯಾ?" ಎಂದಾಗ ಶಶಿಧರ ಕಣ್ಣು ಮಿಟುಕಿಸದೆ, "ನಾಳೆ ಯಾಕೆ, ಇವತ್ತೇ ಬೇಕಾದ್ರೂ" ಎಂದರು. ನನ್ನ ಅನುಮಾನ ಅಲ್ಲಿಗೆ ಕರಗಿತು.

"ಸರಿ. ದಾರ ಕಡೀತೀನಿ" ಎಂದರು ಮೇಸ್ತ್ರಿ.

"ಮತ್ತೆ ಕಟ್ಟಿಸ್ಬೇಕಾಗತ್ತಲ್ಲ ಸರ್" ಎಂದು ಶಶಿಧರ ರಾಗ ಎಳೆದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಎಂದು ನಾನು ಮತ್ತೆ ಚುರುಕಾದೆ. ಆದರೂ ಕೊನೆಗೆ ಒಪ್ಪಿದರು. ಬಿಳಿಯ ಬಟ್ಟೆ ಹಾಲ್ ತುಂಬ ಹರಡಿತು. ಮಲ್ಲಿಗೆಯಷ್ಟು ಬೆಳ್ಳಗಿತ್ತು. ಮೇಸ್ತ್ರಿ ಮಂಡಿಯೂರಿ ಮೂಗಿಟ್ಟು ಎಳೆದುಕೊಂಡರು. ಇನ್ನೊಂದು ಸಲ ಎಳೆದುಕೊಂಡರು.

"ಅಂಟುವಾಳ... ಅದರ ಕೆಳಗೆ ಇಂಗು."

ರಾಜಮ್ಮನ ಮುಖ ಅರಳಿತು. "ಹೌದು ಮತ್ತೆ! ನನ್ನ ರೇಷ್ಮೆ ಸೀರೆ ಒಗೆಯೋ ಅಂಟುವಾಳದಲ್ಲೇ ಒಗೆದಿದ್ದು, ಸೋಪು ಮುಟ್ಸಿಲ್ಲ. ಇವನು ಎರಡನ್ನೂ ಬಿಚ್ಚಿ ಅಟ್ಟದಲ್ಲಿ ಹಾಕಿ ಸೈಟಿಗೆ ಹೋದ. ಸುಮ್ನೆ ಮುಗ್ಗಲು ಹಿಡಿಯತ್ತಲ್ಲ ಅಂತ ಬೇಸಿಗೆ ಪೂರ್ತಿ ತಾರಸಿ ಮೇಲೆ ಹಾಕಿದ್ದೆ. ಕೆಳಗೆ ಹಪ್ಪಳ, ಮೇಲೆ ಇದು. ಒಂದು ಕಾಗೆ ಹತ್ರ ಬರ್ಲಿಲ್ಲ ನೋಡಿ!"

ಮೇಸ್ತ್ರಿ ಬಟ್ಟೆಯ ಅಂಚನ್ನು ಎರಡು ಮುಷ್ಟಿಯಲ್ಲಿ ಹಿಡಿದು ಜಗ್ಗಿದರು. ಪರ್ ಎಂದು ಹರಿಯಿತು. ಇಂಥ ಬಟ್ಟೆಗೆ ಬಿಸಿಲೇ ವಿಷ ಎಂದು ನನಗೆ ಅವತ್ತು ಗೊತ್ತಾಯಿತು. ಒಗೆದಿದ್ದು ಗೊತ್ತಿಲ್ಲದೆ ಶಶಿಧರ ಅದನ್ನು ಪರಿಚಯದವರೊಬ್ಬರ ಕೈಲಿ ಕಟ್ಟಿಸಿದ್ದರು. ಪರಿಚಯದವರು ಇವರನ್ನು ನಂಬಿ ರುಜು ಹಾಕಿದ್ದರು. "ಅಮ್ಮಾ..." ಎಂದ ಶಶಿಧರ ಕುರ್ಚಿಯಲ್ಲಿ ಕೂತುಬಿಟ್ಟರು. ಇವತ್ತೇ ಹಾರ್ತೀನಿ ಅಂದವರು ಅವರೇ ತಾನೆ?

ಹೊರಗೆ ಬಂದ ಮೇಲೆ ಮೇಸ್ತ್ರಿ, "ಹುಡುಗ ಒಳ್ಳೇವನಮ್ಮ. ಆ ತಾಯಿನೂ ಒಳ್ಳೇದು. ಅದೇ ಕಷ್ಟ. ಕಳ್ಳನಿಗೆ ಏನು ಮುಚ್ಚಿಡ್ತಿದೀನಿ ಅಂತ ಗೊತ್ತಿರತ್ತೆ, ಇವರಿಗೆ ಅದೂ ಗೊತ್ತಿರಲ್ಲ" ಎಂದು ಬಸ್ಸು ಹತ್ತಿದರು.

ತಿಂಗಳಾದ ಮೇಲೆ ಗಾಂಧಿ ಬಜಾರಿನಲ್ಲಿ ಶಶಿಧರ ಸಿಕ್ಕರು. "ನಿಮ್ಮ ಮೇಸ್ತ್ರಿನೇ ಬಂದು ಎರಡೂ ಪ್ಯಾರಾಚೂಟ್ ತಗೊಂಡು ಹೋದ್ರಲ್ಲ, ಹೇಳ್ಲಿಲ್ವಾ?" ಎಂದರು. ನನ್ನ ತಲೆ ಗಿರ್ರೆಂದಿತು. ಬೆಳ್ಳಗಿರೋದೆಲ್ಲ ಹಾಲಲ್ಲ. ನನಗೆ ಬೇಡ ಎನ್ನುವುದು, ಆಮೇಲೆ ತಾವೇ ಎತ್ತಿಕೊಂಡು ಹೋಗಿ ತೇಪೆ ಹಾಕಿ ಇನ್ನಾರಿಗೋ ದಾಟಿಸುವುದು! ಅದಕ್ಕೂ ಹಿಂದೆ ಬೇಡವೆಂದಿದ್ದ ಇನ್ನೊಂದು ಸೆಟ್ಟೂ ನೆನಪಾಯಿತು. ಮಾರನೆಯ ದಿನ ಶಾಲೆಗೆ ರಜೆ ಹಾಕಿ, ಹೇಳದೆ ಕೇಳದೆ ಭದ್ರಾವತಿಗೆ ಹೋದೆ.

ಮೇಸ್ತ್ರಿ ನೆಲದ ಮೇಲೆ ಕೂತು ದೊಡ್ಡ ಕತ್ತರಿಯಿಂದ ಆ ಬಿಳಿಯ ಬಟ್ಟೆಯನ್ನು ಮೊಳದುದ್ದಕ್ಕೆ ಕತ್ತರಿಸುತ್ತಿದ್ದರು. ಎದುರಿಗೆ ನಿಂತ ಆಟೋದ ಟಾಪಿನ ಒಳಗಡೆ ಅದರದೇ ತುಂಡು ಹೊಲಿದಾಗಿತ್ತು.

"ನಾನು ಬೇಡ ಅಂದ್ರೆ ಅದು ಎಲ್ಲಿಗೆ ಹೋಗತ್ತೆ? ಇನ್ನೊಬ್ಬರ ಬೆನ್ನಿಗೆ. ಅವರ ಜೊತೆ ಆರ್ಮುಗಂ ಇರ್ತಾನಾ? ಕತ್ತರಿ ಹಾಕೋವರೆಗೂ ನನ್ನ ಕೆಲಸ ಮುಗಿಯಲ್ಲ ಮಾ" ಎಂದರು, ತಲೆಯೆತ್ತದೆ.

ನನಗೆ ಅಳು ಬಂತು. ನಿಮ್ಮನ್ನೇ ಅನುಮಾನಿಸಿ ಬಂದೆ ಮೇಸ್ತ್ರಿ ಎಂದು ಒಪ್ಪಿಕೊಂಡೆ. ಅವರು ಕತ್ತರಿ ಕೆಳಗಿಟ್ಟು ತೊಡೆ ತಟ್ಟಿ ನಕ್ಕರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. "ಈಗ ಕಲಿತೆ ನೋಡು!"

ಕೊನೆಗೆ, ಮುಂದಿನ ವರ್ಷ, ಕ್ಲಬ್ಬಿನ ಕಡೆಯಿಂದಲೇ ಒಂದು ಸೆಟ್ ಸಿಕ್ಕಿತು. ಭದ್ರಾವತಿಗೆ ಹೊತ್ತುಕೊಂಡು ಹೋದೆ. ಮೇಸ್ತ್ರಿ ದಾರ ಕಡಿದು, ರಿಸರ್ವ್ ಹರಡಿ, ಮೂಗಿಟ್ಟು ಬಹಳ ಹೊತ್ತು ಬಗ್ಗಿದ್ದರು. "ವಾಸನೆ ಇಲ್ಲ" ಎಂದರು. ನಾನು ಕುಣಿಯುವುದೊಂದು ಬಾಕಿ. ಆದರೆ ಅವರು ಹೂಂ ಅನ್ನಲಿಲ್ಲ. ಹೋಟೆಲಿಗೆ ಕೂಗಿ ಕಾಫಿ ತರಿಸಿ, ಲೋಟವನ್ನು ಮೂಗಿನ ಹತ್ತಿರ ಹಿಡಿದರು.

"ಇದಕ್ಕೂ ಇಲ್ಲ."

ವರ್ಷಗಟ್ಟಲೆ ರೆಕ್ಸಿನ್ ಅಂಟಿನ ನಡುವೆ ಕೂತು ಸೋತ ಮೂಗು ಅದು. ಲೋಟ ಕೆಳಗಿಟ್ಟು, "ನನ್ನ ಹೂಂ ಇನ್ನು ನಡೆಯಲ್ಲ. ನೀನು ಮೂಸು" ಎಂದರು. ಅವತ್ತು ಮಧ್ಯಾಹ್ನವೆಲ್ಲ ನಾನು ನೆಲದ ಮೇಲೆ ಅಂಬೆಗಾಲಿಡುತ್ತಾ ಅಂಗುಲ ಅಂಗುಲ ಮೂಸಿದೆ. ಅವರು ಹಿಂದೆಯೇ ಬರುತ್ತಾ ಪಟ್ಟಿಪಟ್ಟಿಯನ್ನೂ ಜಗ್ಗಿ ನೋಡಿದರು. ಏನೂ ಹರಿಯಲಿಲ್ಲ, ಏನೂ ನಾರಲಿಲ್ಲ. ಆಮೇಲೆ ಮಡಚಿ, ಕೆಂಪು ದಾರ ಕಟ್ಟಿ, ಮುದ್ರೆ ಒತ್ತಿ, ರುಜು ಹಾಕಿ, ನನ್ನ ಮುಖವನ್ನೇ ನೋಡುತ್ತಾ ಕೇಳಿದರು: "ನಾಳೆ ಇದನ್ನ ಹಾಕ್ಕೊಂಡು ಹಾರ್ತೀಯಾ?"

ಉತ್ತರ ಹೇಳಲು ನನಗೆ ತುಸು ಹೊತ್ತು ಬೇಕಾಯಿತು. "ಹಾರ್ತೀನಿ ಮೇಸ್ತ್ರಿ" ಎಂದೆ. ತಡವಾದದ್ದೇ ಅವರಿಗೆ ಹಿಡಿಸಿತು ಎಂದು ಕಾಣುತ್ತದೆ. ಬಸ್ ನಿಲ್ದಾಣದವರೆಗೂ ಚೀಲ ಹೊತ್ತು ತಂದರು.

ಆ ಮಳೆಗಾಲ ಕಳೆಯುವುದರೊಳಗೆ ಮೇಸ್ತ್ರಿ ತೀರಿಕೊಂಡರು. ನನಗೆ ತಿಳಿದದ್ದು ತಡವಾಗಿ. ಹೋದಾಗ ಅಂಗಡಿಗೆ ಬೀಗ ಬಿದ್ದಿತ್ತು. ಅವರು ಕಟ್ಟಿದ ರಿಸರ್ವ್ ಬೇಕಾಗುವ ಪ್ರಸಂಗ ನನಗೆ ಬರಲೇ ಇಲ್ಲ. ಆದರೆ ಕಟ್ಟಿದ್ದಕ್ಕೂ ಒಂದು ಅವಧಿಯಿದೆ. ಅದು ಮುಗಿದಾಗ, ಮತ್ತೆ ಮಡಚಿ ಕಟ್ಟಲು ಕ್ಲಬ್ಬಿನ ಹೊಸ ಪ್ಯಾಕರ್ ಕತ್ತರಿ ತಂದ. ಆ ದಾರ ಕಡಿಸಲು ನನಗೆ ಮನಸ್ಸೇ ಬರಲಿಲ್ಲ. ಮೇಸ್ತ್ರಿ ಇದ್ದಿದ್ದರೆ ಬೈಯುತ್ತಿದ್ದರು ಎಂದುಕೊಂಡು ಕತ್ತರಿ ಇಸಿದುಕೊಂಡು ನಾನೇ ಕಡಿದೆ. ಬಟ್ಟೆ ನೆಲದ ಮೇಲೆ ಹರಡಿಕೊಂಡಿತು. "ಚೆನ್ನಾಗೇ ಇದೆಯಲ್ಲ ಮೇಡಂ" ಎಂದ ಅವನು.

"ಒಂದ್ನಿಮಿಷ ಇರಿ" ಎಂದು ಕ್ಯಾಂಟೀನಿಗೆ ಹೋಗಿ ಒಂದು ಲೋಟ ಕಾಫಿ ತಂದೆ. ಮೂಸಿದೆ. ಘಮ್ಮೆಂದಿತು. ಲೋಟ ಪಕ್ಕಕ್ಕಿಟ್ಟು, ಮಂಡಿಯೂರಿ, ಬಟ್ಟೆಗೆ ಮೂಗಿಟ್ಟೆ.