ರಾಜ್ಯಸಭೆಯಿಂದ ಹಲವಾಗಲಿಗೆ

2004ರ ದೀಪಾವಳಿಗೆ ನಾವು ಮೂವರು ಮಕ್ಕಳೂ ಕೊಟ್ಟೂರಿನ ಮನೆಯಲ್ಲಿ ಸೇರಿದ್ದೆವು. ಪಾಡ್ಯದ ಊಟ ಮುಗಿದು ಎಲೆಯಡಿಕೆ ತಟ್ಟೆ ಬಂದಾಗ ಅಪ್ಪ ಪಾಲಿನ ಮಾತು ತೆಗೆದರು. ಅವ್ವ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ದಲಾಲಿ ಅಂಗಡಿಯನ್ನು ಅಣ್ಣ ನೋಡಿಕೊಳ್ಳುತ್ತಿದ್ದ. ಪಾಲಾಗಬೇಕಿದ್ದದ್ದು ತಾತನ ಕಾಲದ ಹೊಲ ಮತ್ತು ಆ ಮನೆ.

"ನಾನು ಇರಾಗಲೇ ಹಂಚಿಬಿಟ್ರ ಆಮೇಲೆ ನೀವು ಕೋರ್ಟಿಗೆ ಅಲಿಯೋದು ತಪ್ಪತೈತಿ. ಕಾಯ್ದೆ ಹೆಂಗ ಹೇಳತೈತೋ ಹಂಗ ಮಾಡ್ತೀನಿ. ಅದಕ್ಕಿಂತ ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ," ಎಂದರು ಅಪ್ಪ.

ಹೊಲದ ಬದುವಿನ ವ್ಯಾಜ್ಯವೊಂದನ್ನು ಪ್ರಾಯದಲ್ಲಿ ಕೂಡ್ಲಿಗಿ ಕೋರ್ಟಿನಲ್ಲಿ ಗೆದ್ದವರು ಅವರು. ಅಂದಿನಿಂದ ಕಾಯ್ದೆ ಎಂದರೆ ಅವರಿಗೆ ಮನೆಯ ಹಿರಿಯರ ಮಾತಿದ್ದ ಹಾಗೆ. ಅಕ್ಕ ಪಕ್ಕದಲ್ಲೇ ಕೂತು ಎಲೆಗೆ ಸುಣ್ಣ ಸವರುತ್ತಿದ್ದಳು. ಅಪ್ಪ ಅವಳ ಕಡೆ ತಿರುಗಿ ಮೆತ್ತಗೆ ಹೇಳಿದರು: "ನಿನಗ ಬರಂಗಿಲ್ಲವಾ. ನಿನ್ನ ಲಗ್ನ ಕಾಯ್ದೆಕಿಂತ ಮುಂಚೆ ಆಗಿಬಿಡ್ತು."

ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಡುವ ರಾಜ್ಯದ ಕಾಯ್ದೆ ಬಂದದ್ದು 1994ರಲ್ಲಿ. ಅಷ್ಟರೊಳಗೆ ಮದುವೆಯಾಗಿಹೋದವರಿಗೆ ಅದರಲ್ಲಿ ಜಾಗವಿರಲಿಲ್ಲ. ಅಕ್ಕನನ್ನು ಹಲವಾಗಲು ಎಂಬ ಊರಿಗೆ ಕೊಟ್ಟು ಆಗ ಎರಡು ವರ್ಷವಾಗಿತ್ತು. ನಾನು ಬಿ.ಎಡ್. ಓದುತ್ತಿದ್ದೆ. ಅವ್ವನಿಗೆ ಸದಾ ಉಬ್ಬಸ, ಅದಕ್ಕೇ ಅಕ್ಕನನ್ನು ಏಳನೇ ತರಗತಿಗೆ ಶಾಲೆ ಬಿಡಿಸಿದ್ದರು. ನನ್ನ ಜಡೆ ಹೆಣೆದು, ಬುತ್ತಿ ಕಟ್ಟಿ ಶಾಲೆಗೆ ಕಳಿಸಿದವಳು ಅವಳೇ. ಬೇಗ ಮದುವೆಯಾದದ್ದರಿಂದ ಅವಳಿಗೆ ಪಾಲಿಲ್ಲ, ಓದುತ್ತ ಉಳಿದದ್ದರಿಂದ ನನಗೆ ಉಂಟು.

"ನನಗ್ಯಾಕಪ್ಪ, ನನಗೇನು ಕಮ್ಮಿ ಆಗೈತಿ," ಎಂದು ಅಕ್ಕ ಅಡುಗೆಮನೆಗೆ ಎದ್ದುಹೋದಳು. ನಾನು ಹಿಂದೆಯೇ ಹೋದೆ. ಅವಳು ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಳು.

ನಾನು ಹಗರಿಬೊಮ್ಮನಹಳ್ಳಿಯ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನದ ಶಿಕ್ಷಕಿಯಾಗಿದ್ದೆ. ಮಸೂದೆ ಕಾಯ್ದೆಯಾಗುವ ಪಾಠವನ್ನು ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಬಾಣದ ಗುರುತು ಹಾಕಿ ಕಲಿಸುತ್ತಿದ್ದೆ. ಮಂಡನೆ, ಸಮಿತಿ, ಚರ್ಚೆ, ಮತ, ಇನ್ನೊಂದು ಸದನ, ರಾಷ್ಟ್ರಪತಿಗಳ ಅಂಕಿತ. ಇಡೀ ದೇಶದ ಹೆಣ್ಣುಮಕ್ಕಳಿಗೆ ಪಾಲು ಕೊಡುವ ಮಸೂದೆಯನ್ನು ಕೇಂದ್ರ ಸರ್ಕಾರ ತರಲಿದೆ ಎಂಬ ಸುದ್ದಿಯನ್ನು ಆ ಚಳಿಗಾಲದಲ್ಲಿ ಪತ್ರಿಕೆಯಲ್ಲಿ ಓದಿದೆ. ಓದಿದ್ದೇ ನಮ್ಮ ಓಣಿಯ ವಕೀಲರ ಮನೆಗೆ ಹೋದೆ.

"ದೇಶದ ಕಾಯ್ದೆ ಬಂತು ಅಂದ್ರ ರಾಜ್ಯದ್ದು ಹಿಂದಕ್ಕ ಸರೀಬೇಕಾಗತೈತ್ರಿ ಟೀಚರ್," ಎಂದರು ಅವರು. "ಆದ್ರ ಮೊದಲೇ ಮದುವಿ ಆದವರನ್ನ ಒಳಗ ತಗೋತಾರೋ ಬಿಡ್ತಾರೋ, ಕೊನೀತನಕ ಹೇಳಾಕ ಬರಂಗಿಲ್ಲ. ಇನ್ನೊಂದು ಮಾತು. ಕಾಯ್ದೆ ಜಾರಿ ಆಗೋದ್ರೊಳಗ ನಿಮ್ಮ ಪಾಲುಪತ್ರ ರಿಜಿಸ್ಟರ್ ಆತಂದ್ರ ಮುಗೀತು. ಹಿಂದಿನದನ್ನ ಯಾರೂ ಮುಟ್ಟಂಗಿಲ್ಲ."

ಅಂದಿನಿಂದ ನನಗೆ ಕೂತಲ್ಲಿ ಕೂರಲು ಆಗಲಿಲ್ಲ. ಪಾಲುಪತ್ರಕ್ಕೆ ನನ್ನ ಸಹಿ ಬೇಕಿತ್ತು, ಹಾಗಾಗಿ ತಡೆಯುವುದು ನನ್ನ ಕೈಯಲ್ಲಿತ್ತು. ಮೊದಲು ಪರೀಕ್ಷೆ ಎಂದೆ. ಆಮೇಲೆ ಮಗುವಿಗೆ ಜ್ವರ ಎಂದೆ, ಆಮೇಲೆ ಮತಪಟ್ಟಿಯೋ ಏನೋ ಒಂದು ಸರ್ಕಾರಿ ಕೆಲಸವೆಂದೆ. ಡಿಸೆಂಬರಿನಲ್ಲಿ ಮಸೂದೆ ರಾಜ್ಯಸಭೆಯಲ್ಲಿ ಮಂಡನೆಯಾಯಿತು. ಮುಂದೆ ಸ್ಥಾಯಿ ಸಮಿತಿಗೆ ಹೋಯಿತು. ಸಮಿತಿಗೆ ಹೋದದ್ದು ಯಾವಾಗ ಹೊರಗೆ ಬರುತ್ತದೆ ಎಂದು ನನ್ನ ಪಠ್ಯಪುಸ್ತಕದಲ್ಲಿ ಬರೆದಿರಲಿಲ್ಲ.

ಸಂಸತ್ತಿನ ಕಲಾಪ ತೋರಿಸುವ ಚಾನೆಲ್ಲು ಹೊಸದಾಗಿ ಶುರುವಾಗಿತ್ತು. ನಮ್ಮ ಕೇಬಲ್ಲಿನಲ್ಲಿ ಮಾತ್ರ ಬರುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನ ಹಿಂದೆ ಕೇಬಲ್ಲಿನವನ ಅಂಗಡಿಗೆ ಹೋಗಿ ಕೇಳಿದೆ.

"ಅದನ್ನ ಯಾರು ನೋಡ್ತಾರ್ರಿ ಟೀಚರ್? ಆ ಜಾಗದಾಗ ತೆಲುಗು ಪಿಕ್ಚರ್ ಹಾಕೀನಿ. ತೆಗದ್ರ ಜನ ನನ್ನ ಹೊಡೀತಾರ," ಎಂದು ನಕ್ಕ.

"ಅಧಿವೇಶನ ನಡಿಯೋ ದಿನ ಅಷ್ಟೇ ಹಾಕಪ್ಪ."

"ಅಷ್ಟು ಬೇಕಾದ್ರ ಇಲ್ಲೇ ಬಂದು ನೋಡ್ರಿ."

ಬಜೆಟ್ ಅಧಿವೇಶನದ ದಿನಗಳಲ್ಲಿ ಶಾಲೆ ಬಿಟ್ಟ ಮೇಲೆ ಹಾಗೇ ಮಾಡಿದೆ. ತಂತಿಗಳ ನಡುವೆ ಸ್ಟೂಲು ಹಾಕಿಕೊಂಡು, ಅವನ ಸಣ್ಣ ಟಿ.ವಿ.ಯಲ್ಲಿ ಹಿಂದಿಯ ಭಾಷಣಗಳನ್ನು ಅರ್ಧಂಬರ್ಧ ತಿಳಿದುಕೊಳ್ಳುತ್ತ ಕೂರುತ್ತಿದ್ದೆ. ಒಂದು ದಿನ ಗದ್ದಲ, ಮರುದಿನ ಮುಂದೂಡಿಕೆ. ನನ್ನ ಮಸೂದೆಯ ಹೆಸರನ್ನು ಯಾರೂ ಎತ್ತಲಿಲ್ಲ. ಮನೆಗೆ ಬಂದು ಅನ್ನಕ್ಕೆ ಇಟ್ಟರೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಾಗುತ್ತಿರಲಿಲ್ಲ. "ದಿಲ್ಲಿಯವರಿಗೆ ನಿನ್ನಷ್ಟು ಅವಸರ ಇಲ್ಲ ಬಿಡು," ಎಂದು ಗಂಡ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಅಣ್ಣನಿಗೆ ಅನುಮಾನ ಬಂದಿತ್ತು. ಬೇಸಿಗೆ ರಜೆ ಶುರುವಾದ ಮೇಲೆ ನನಗೆ ಹೇಳಲು ಯಾವ ನೆಪವೂ ಉಳಿಯಲಿಲ್ಲ. ಅವನು ಫೋನು ಮಾಡಿ, "ಅಪ್ಪ ದಿನಾ ಎದಿ ನೋವು ಅಂತಾರ. ನಿನ್ನ ಮನಸಿನಾಗ ಏನೈತಿ, ಬಾಯಿ ಬಿಟ್ಟು ಹೇಳು," ಎಂದ.

ಹೇಳಿದೆ. ಅಕ್ಕನಿಗೂ ಪಾಲು ಬರುವ ಮಸೂದೆ ದಿಲ್ಲಿಯಲ್ಲಿದೆ, ಅದು ಆಗುವವರೆಗೆ ಕಾಯೋಣ ಎಂದೆ.

"ಅಕ್ಕ ಕೇಳ್ಯಾಳೇನು?"

ಇಲ್ಲ ಎಂದು ಫೋನು ಇಟ್ಟೆ. ಎರಡು ದಿನದ ಮೇಲೆ ಅಕ್ಕನೇ ಹಲವಾಗಲಿನಿಂದ ಬಸ್ಸು ಹತ್ತಿ ನನ್ನ ಮನೆಗೆ ಬಂದಳು. ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

"ಏನ್ಲೇ ಇದು? ನನ್ನ ಸಲುವಾಗಿ ಜಗಳ ಹಚ್ಚಾಕ ನಿನಗ ಯಾರು ಹೇಳಿದ್ರು? ನಾಳೆ ಕಷ್ಟಕ್ಕ, ಹಬ್ಬಕ್ಕ, ಸಾವಿಗೆ ನಾನು ಹೋಗೋ ಮನಿ ಅದೊಂದೇ. ಹೋಗಿ ಸಹಿ ಮಾಡು."

"ನಿನಗ ಬ್ಯಾಡ ಅಂತ ನನ್ನ ಮುಖ ನೋಡಿ ಹೇಳಕ್ಕ."

ಅವಳು ನನ್ನ ಮುಖ ನೋಡಲಿಲ್ಲ. ನೀರು ಕೇಳಿದಳು. ಕುಡಿದು, "ಬರದೇ ಇರೋದನ್ನ ಬೇಕು ಅಂದ್ರೇನು, ಬ್ಯಾಡ ಅಂದ್ರೇನು," ಎಂದಳು.

ಜೂನಿನಲ್ಲಿ ಕೂಡ್ಲಿಗಿಯ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಮಾಡಿದೆ. ಅಪ್ಪ, ಅಣ್ಣ, ನಾನು. ಹೊಲದ ಒಂದು ಭಾಗ ನನ್ನ ಹೆಸರಿಗೆ ಬಂತು. ಬೆರಳಿನ ಶಾಯಿ ಒರೆಸಿಕೊಳ್ಳುತ್ತ ಹೊರಗೆ ಬಂದಾಗ ಅಣ್ಣ ಎಲ್ಲರಿಗೂ ಮಂಡಕ್ಕಿ ಮಿರ್ಚಿ ಕೊಡಿಸಿದ. ನನ್ನದನ್ನು ಕಾಗದದಲ್ಲೇ ಸುತ್ತಿ ಚೀಲಕ್ಕೆ ಹಾಕಿಕೊಂಡೆ.

ಇನ್ನು ಆ ಮಸೂದೆ ಆದರೂ ಒಂದೇ, ಬಿಟ್ಟರೂ ಒಂದೇ ಎಂದು ಮನಸ್ಸಿಗೆ ಹೇಳಿಕೊಂಡೆ. ಆದರೂ ಮಳೆಗಾಲದ ಅಧಿವೇಶನ ಶುರುವಾದಾಗ ಕಾಲು ತಾನಾಗಿಯೇ ಕೇಬಲ್ ಅಂಗಡಿಯ ಕಡೆ ತಿರುಗಿತು. ಆಗಸ್ಟಿನಲ್ಲಿ ರಾಜ್ಯಸಭೆ ಒಪ್ಪಿತು. ತಿಂಗಳ ಕೊನೆಯಲ್ಲಿ ಲೋಕಸಭೆಯ ಸರದಿ. ಅಂದು ಸಂಜೆ ಸ್ಟೂಲಿನ ಮೇಲೆ ಕೂತು ನೋಡಿದೆ. ಏನೇನೋ ವಿಷಯ ನಡೆಯುತ್ತಿತ್ತು, ನನ್ನದಲ್ಲ. ಅಡುಗೆಗೆ ಹೊತ್ತಾಯಿತೆಂದು ಎದ್ದು ಬಂದೆ. ಮರುದಿನ ಬೆಳಿಗ್ಗೆ ರೇಡಿಯೋದ ವಾರ್ತೆಯಲ್ಲಿ, ಲೋಕಸಭೆ ಅಂಗೀಕರಿಸಿತು ಎಂಬ ಒಂದೇ ವಾಕ್ಯ ಬಂತು. ಅದರ ಬೆನ್ನಿಗೇ ಹವಾಮಾನ.

ರಾಷ್ಟ್ರಪತಿಗಳ ಅಂಕಿತವೂ ಬಿದ್ದ ಮೇಲೆ ವಕೀಲರು ನನ್ನನ್ನು ಕರೆಸಿದರು. ಕಾಯ್ದೆಯ ಪ್ರತಿ ಅವರ ಮುಂದಿತ್ತು.

"ಕೂಡ್ರಿ ಟೀಚರ್. ಮದುವಿ ಆದವರು, ಆಗದವರು ಅಂತ ಭೇದ ಇಲ್ಲ. ಮಗಳು ಅಂದ್ರ ಮಗಳು."

"ನಮ್ಮದು ರಿಜಿಸ್ಟರ್ ಆಗಿಹೋಗೈತಲ್ರಿ."

"ಅದನ್ನೇ ಹೇಳಾಕ ಕರೆದೆ. ನಾನು ಹೇಳಿದ್ದು ತಪ್ಪಾತು. ಜಾರಿಯಾದ ದಿನ ಅಲ್ಲ, ಹೋದ ವರ್ಷ ಡಿಸೆಂಬರ್ ಇಪ್ಪತ್ತನೇ ತಾರೀಖು ಇಟ್ಟಾರ. ಅದಕ್ಕಿಂತ ಮೊದಲು ಆದ ಪಾಲು ಅಷ್ಟೇ ಉಳೀತೈತಿ. ನಿಮ್ಮದು ಆಗಿದ್ದು ಜೂನ್ನಾಗ. ಅದು ನಿಲ್ಲಂಗಿಲ್ಲ."

ಮಸೂದೆ ರಾಜ್ಯಸಭೆಗೆ ಬಂದ ದಿನಾಂಕ ಅದು. ಪರೀಕ್ಷೆ, ಜ್ವರ ಎಂದು ನಾನು ನೆಪ ಹೇಳಿ ದಾಟಿಸಿದ ವಾರಗಳ ನಡುವೆ ಆ ದಿನ ಸುಮ್ಮನೆ ಕಳೆದುಹೋಗಿತ್ತು. ವಕೀಲರಿಂದ ಆ ಪ್ರತಿಯನ್ನು ಕೇಳಿ ತೆಗೆದುಕೊಂಡೆ.

ಮಾರನೆಯ ದಿನ ರಜೆ ಹಾಕಿ ಹರಪನಹಳ್ಳಿ ಮೇಲೆ ಹಲವಾಗಲಿಗೆ ಹೋದೆ. ಅಕ್ಕ ಹಿತ್ತಲಲ್ಲಿ ಹಸಿ ಮೆಣಸಿನಕಾಯಿ ಆರಿಸುತ್ತಿದ್ದಳು. ಪೀಠಿಕೆಯಿಲ್ಲದೆ ಹೇಳಿದೆ. ಬೈಯುತ್ತಾಳೆಂದು ಕಾದೆ.

"ಅಂದ್ರ ಆ ಕಾಗದ ನಡಿಯಂಗಿಲ್ಲ?"

"ಇಲ್ಲ."

"ನನ್ನ ಲಗ್ನ ಯಾವಾಗ ಆತು ಅಂತ ಕೇಳಂಗಿಲ್ಲ?"

"ಯಾರೂ ಕೇಳಂಗಿಲ್ಲ."

ಮೆಣಸಿನಕಾಯಿಯ ಮೊರ ಬದಿಗಿಟ್ಟು ಕೈ ತೊಳೆದುಕೊಂಡಳು. ಒಳಗೆ ಹೋಗಿ ಸೀರೆ ಬದಲಾಯಿಸಿ ಬಂದಳು. "ನಡಿ, ಕೊಟ್ಟೂರಿಗೆ ಹೋಗಾಮು. ನಾನೇ ಕೇಳ್ತೀನಿ," ಎಂದಳು. ದಾರಿಯುದ್ದಕ್ಕೂ ಬಸ್ಸಿನ ಕಿಟಕಿಯ ಸರಳು ಹಿಡಿದು ಕೂತಿದ್ದಳು.

ಅಪ್ಪ ಜಗಲಿಯ ಮೇಲಿದ್ದರು, ಅಣ್ಣ ಅಂಗಡಿಯಿಂದ ಆಗಷ್ಟೇ ಬಂದಿದ್ದ. ಅಕ್ಕ ನಿಂತೇ ಹೇಳಿದಳು: "ಅಪ್ಪಾ, ಈಗ ಕಾಯ್ದೆ ನನಗೂ ಪಾಲು ಐತಿ ಅಂತೈತಿ. ನನಗ ಬೇಕು."

ಅಣ್ಣ ನನ್ನ ಕಡೆ ತಿರುಗಿದ. "ಇದು ನಿನ್ನ ಕೆಲಸ. ಇಷ್ಟು ತಿಂಗಳು ಆಟ ಆಡಿಸಿದಿ," ಎಂದು ಕೂಗಾಡಿದ. ಅಪ್ಪ ಕೈಯೆತ್ತಿ ಅವನನ್ನು ಸುಮ್ಮನಿರಿಸಿ, ಕಾಯ್ದೆಯ ಆ ಸಾಲನ್ನು ನನ್ನಿಂದ ಓದಿಸಿದರು. ಇನ್ನೊಮ್ಮೆ ಓದಿಸಿದರು. ಅಕ್ಕನಿಗೆ ಅಂದರು: "ನೀನು ಬ್ಯಾಡ ಅಂದಾಗ ನನಗ ಹಗುರಾಗಿತ್ತವಾ. ಬೇಕು ಅನಬಹುದು ಅಂತ ಅನಿಸಿರಲೇ ಇಲ್ಲ." ಆಮೇಲೆ ಅಣ್ಣನಿಗೆ: "ಕೂಡ್ಲಿಗಿಗೆ ಯಾವತ್ತು ಹೋಗೋದು ನೋಡು."

ಹಳೆಯದನ್ನು ರದ್ದು ಮಾಡಿ ಹೊಸ ಪಾಲುಪತ್ರ ಆಗಲು ಚಳಿಗಾಲ ಬಂತು. ಅಕ್ಕನ ಪಾಲಿಗೆ ಬಾವಿಯ ಪಕ್ಕದ ಹೊಲ ಬಂತು. ಅವಳು ಅದನ್ನು ಮಾರಲಿಲ್ಲ. ಸುಗ್ಗಿಗೊಮ್ಮೆ, ಬಿತ್ತನೆಗೊಮ್ಮೆ ಬಂದು ತಾನೇ ನಿಂತು ಮಾಡಿಸತೊಡಗಿದಳು. ಒಂದೇ ಬಾವಿಯ ನೀರು, ಪಕ್ಕಪಕ್ಕದ ಬದು. ವರ್ಷ ತುಂಬುವುದರೊಳಗೆ ಅಣ್ಣ ಅವಳೊಡನೆ ಮಾತು ಶುರು ಮಾಡಿದ. ನನ್ನೊಡನೆ ಆಡಲಿಲ್ಲ.

"ಸಿಟ್ಟು ಯಾರ ಮ್ಯಾಲಾದ್ರೂ ಇಡಬೇಕಲ್ಲೇ, ನಿನ್ನ ಮ್ಯಾಲ ಇಟ್ಟಾನ," ಎಂದು ಅಕ್ಕ ಸಲೀಸಾಗಿ ಹೇಳಿಬಿಟ್ಟಳು.

ಅಪ್ಪ ತೀರಿಹೋದ ಮರುವರ್ಷ, ಶೇಂಗಾ ಕೀಳುವ ದಿನ ಅಕ್ಕ ಕರೆದಳೆಂದು ಹೊಲಕ್ಕೆ ಹೋಗಿದ್ದೆ. ಬೇವಿನ ನೆರಳಲ್ಲಿ ಕೂತಿದ್ದ ಅಣ್ಣ ನನ್ನನ್ನು ಕಂಡು ಎದ್ದು ಪಂಪಿನ ಮನೆಯ ಕಡೆ ಹೊರಟ. ಅಕ್ಕ ಸಾಲಿನ ನಡುವಿನಿಂದಲೇ ಕೂಗಿದಳು: "ಲೇ, ಬರಾಗ ನೀರು ತಗೊಂಡು ಬಾ. ಇಕಿ ಬಿಸಿಲಾಗ ನಡಕೊಂಡು ಬಂದಾಳ." ಅವನು ಕೊಡದಲ್ಲಿ ನೀರು ತಂದು, ನನ್ನ ಕೈಗೆ ಕೊಡದೆ ಬದುವಿನ ಮೇಲಿಟ್ಟು ಹೋದ. ನಾನು ಬಗ್ಗಿಸಿಕೊಂಡು ಕುಡಿದೆ. ಬಾವಿಯ ನೀರು ತಣ್ಣಗಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಕ್ಕನ ಪಕ್ಕದ ಸಾಲಿಗೆ ಕೂತೆ.