ಜಾವಗಲ್ ಕಡೆಗೊಂದು ಚುಕ್ಕಿ

ನಮ್ಮ ಮೇಡಂ ಅವರ ಬಲಗಣ್ಣಿನ ಸುತ್ತ ಸದಾ ಒಂದು ಗುಂಡನೆಯ ಕೆಂಪು ಗುರುತು. ಮೈಕ್ರೋಸ್ಕೋಪಿಗೆ ಒತ್ತಿ ಒತ್ತಿ ಆದದ್ದು. ಅರಸೀಕೆರೆಯ ನಮ್ಮ ಕಾಲೇಜಿನಲ್ಲಿ ಅವರು ಪ್ರಾಣಿಶಾಸ್ತ್ರ ಹೇಳುತ್ತಿದ್ದರು. ಹೇಳುತ್ತಿದ್ದರು ಅನ್ನುವುದಕ್ಕಿಂತ ಓಡಾಡುತ್ತಿದ್ದರು. ಬೋರ್ಡಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ. ಕೊನೇ ಬೆಂಚಿನಲ್ಲಿ ನಾನು ಆ ನಡಿಗೆಯನ್ನು ಎರಡು ಬೆರಳಲ್ಲಿ ಮಾಡಿ ತೋರಿಸುತ್ತಿದ್ದೆ. ನನಗೂ ಕೂತಲ್ಲಿ ಕೂರುವ ಅಭ್ಯಾಸವಿಲ್ಲ. ಅಷ್ಟು ಬಿಟ್ಟರೆ ನನಗೂ ವಿಜ್ಞಾನಕ್ಕೂ ಸಂಬಂಧವಿರಲಿಲ್ಲ.

ಅವರ ಹುಚ್ಚು ಕ್ಯಾಡಿಸ್ ಹಾತೆ. ಮರಿಯಾಗಿದ್ದಾಗ ಅದು ಹಳ್ಳದ ನೀರಲ್ಲಿ ಮರಳು, ಕಡ್ಡಿ ಅಂಟಿಸಿಕೊಂಡು ಕೊಳವೆಯಂಥ ಮನೆ ಕಟ್ಟಿಕೊಳ್ಳುತ್ತದೆ. ರೆಕ್ಕೆ ಬಂದಮೇಲೆ ದೀಪಕ್ಕೆ ಬರುತ್ತದೆ. ಅದರಲ್ಲೊಂದು ಕುಲ ಬೇಲೂರಿನಿಂದ ಪಶ್ಚಿಮಕ್ಕೆ, ಮಳೆಸೀಮೆಯ ತೊರೆಗಳಲ್ಲಿ ಮಾತ್ರ ಇದೆ ಅಂತ ತಿಳಿದವರ ಮಾತು. ಮೇಡಂ ಮಾತ್ರ ಇತ್ತ ಬಯಲುಸೀಮೆಯ ಜಾವಗಲ್ ಕಡೆಯ ಹಳ್ಳದಲ್ಲೂ ಇದೆ ಅಂತ ನಂಬಿ, ಗೋಡೆಯ ನಕ್ಷೆಯಲ್ಲಿ ಅಲ್ಲೊಂದು ಪೆನ್ಸಿಲ್ ಚುಕ್ಕಿ ಇಟ್ಟಿದ್ದರು. ಸಿಕ್ಕಿದ್ದವೆಲ್ಲ ಹೆಣ್ಣು. ಗಂಡಿನ ಹೊಟ್ಟೆಯ ತುದಿ ನೋಡದೆ ಗುರುತು ಖಚಿತವಾಗದು.

ಒಂದು ಮುಸ್ಸಂಜೆ ನನ್ನನ್ನೂ ಆ ಹಳ್ಳಕ್ಕೆ ಕರೆದುಕೊಂಡು ಹೋದರು. ಹಳ್ಳದ ದಂಡೆಯಲ್ಲಿ ಬಿಳಿ ಪಂಚೆ ಕಟ್ಟಿ ದೀಪ ಹಚ್ಚಿದ್ದೇ ತಡ, ಊರಿನವರು ಬಂದು ಎದುರಿಗೆ ಸಾಲಾಗಿ ಕೂತರು. ಒಬ್ಬ ಅಜ್ಜ ಟವೆಲ್ ಹಾಸಿಕೊಳ್ಳುತ್ತ ಕೇಳಿದ: “ಯಾವ ಪಿಚ್ಚರ್ ಐತೆ ಅಕ್ಕಾರೆ? ಎಷ್ಟೊತ್ತಿಗೆ ಶುರು?”

“ಹುಳ ಬರುತ್ತೆ ಅಜ್ಜ, ಅದೇ ಪಿಚ್ಚರ್.”

“ಹೀರೋ ಯಾರು?”

“ಅವನಿಗೇ ಕಾಯ್ತಿರೋದು.”

ಎಲ್ಲರ ಕೈಯಲ್ಲೂ ಮೊಬೈಲ್ ಟಾರ್ಚು. ಹಾತೆಗಳು ಪಂಚೆ ಬಿಟ್ಟು ಜನರ ಮುಖಕ್ಕೇ ಹೋಗುತ್ತಿದ್ದವು. ಮೇಡಂ ನನ್ನತ್ತ ತಿರುಗಿ, “ಕೊನೇ ಬೆಂಚಲ್ಲಿ ಅಣಕಿಸ್ತೀಯಲ್ಲ, ಇಲ್ಲೂ ಏನಾದ್ರೂ ಮಾಡೋ, ಅದಕ್ಕೇ ಕರ್ಕೊಂಡು ಬಂದಿರೋದು” ಅಂದರು. ಟಾರ್ಚು ಆರಿಸಿದರೇ ಆಟ ಅಂತ ಸಾರಿ, ಬಸ್ ಕಂಡಕ್ಟರಾದೆ, ಕೊಬ್ಬರಿ ವ್ಯಾಪಾರಿಯಾದೆ, ಕೊನೆಗೆ ಮೇಡಮ್ಮೇ ಆದೆ. ಮೊದಲು ನಕ್ಕದ್ದು ನನ್ನ ಬೆನ್ನ ಹಿಂದಿದ್ದ ಅವರೇ. ಅಷ್ಟರಲ್ಲಿ ಕತ್ತಲಲ್ಲಿ ಪಂಚೆ ತುಂಬಿತ್ತು, ಗಂಡೂ ಸಿಕ್ಕಿತ್ತು.

ಮಾರನೆಯ ದಿನ ಮೈಕ್ರೋಸ್ಕೋಪಿನಿಂದ ತಲೆ ಎತ್ತಿದವರು ರಬ್ಬರು ತೆಗೆದು ಆ ಚುಕ್ಕಿ ಅಳಿಸಿದರು. ಸಿಕ್ಕಿದ್ದ ಗಂಡು ಬೇರೆ ಕುಲದ್ದು.

“ಇರ್ಲಿ ಬಿಡಿ ಮೇಡಂ, ನೋಡೋಕೆ ಅದರ ಹಾಗೇ ಇದೆಯಲ್ಲ” ಅಂದೆ.

“ನಿನ್ನೆ ನೀನೂ ನನ್ನ ಹಾಗೇ ಇದ್ದೆ ಕಣೋ. ನನ್ನ ಸಂಬಳ ನಿಂಗೆ ಕೊಡ್ತಾರಾ?” ಅಂದು ಚೀಲ ಹೆಗಲಿಗೇರಿಸಿ, “ನಡಿ, ಮೇಲಿನ ಹಳ್ಳ ನೋಡೋಣ” ಅಂತ ಹೊರಟೇಬಿಟ್ಟರು.

ಅಲ್ಲೂ ಸಿಗಲಿಲ್ಲ. ಹೋದ ವರ್ಷ ಮೇಡಂ ತೀರಿಕೊಂಡರು. ಆಸ್ಪತ್ರೆಯಲ್ಲೂ ಒಂದು ಕಡೆ ಮಲಗಲಿಲ್ಲವಂತೆ. ಅವರ ಹುಳ ಹುಡುಕುವ ಕೆಲಸ ಈಗ ನಾನು ಮಾಡುತ್ತಿದ್ದೇನೆ. ಗೆಳೆಯರೆಲ್ಲ ನಕ್ಕಾಯಿತು, ನೀವೂ ನಗಬಹುದು. ಮೊನ್ನೆ ಹಳೇಬೀಡಿನ ಆಚೆ ಒಂದು ಗಂಡು ಸಿಕ್ಕಿತು. ಅದೇ ಆಗಿರಲಪ್ಪ ಅಂತ ದೇವರಿಗೆ ಕೈಮುಗಿದು ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ. ಹೊಟ್ಟೆಯ ತುದಿ ಒಂಚೂರು ಬೇರೆ. ಅವರ ಆಸೆಗಾದರೂ ನಕ್ಷೆಯಲ್ಲಿ ಒಂದು ಚುಕ್ಕಿ ಇಟ್ಟುಬಿಡೋಣ ಅನ್ನಿಸಿ ಪೆನ್ಸಿಲ್ಲಿನ ತನಕ ಕೈ ಹೋಯಿತು. ಕೈ ಹಿಂದಕ್ಕೆಳೆದುಕೊಂಡು, ಜಾವಗಲ್ಲಿಗೆ ಬಸ್ಸು ಎಷ್ಟೊತ್ತಿಗಿದೆ ಅಂತ ಕೇಳಲು ಎದ್ದು ಹೋದೆ.