ಐಲಿಯ ಕೈ, ಪ್ರೊಫೆಸರರ ಮೋಟಾರು

ಐಲಿ ಕಂಗಾಸಳ ಮುತ್ತಜ್ಜ ಹೇಯ್ಕಿ ಒಂದೇ ಕೊಡಲಿ ಹಿಡಿದು, ಒಂದು ಮೊಳೆಯನ್ನೂ ಬಡಿಯದೆ ಮರದ ಮನೆ ಕಟ್ಟಿದವನು. ಅದು ಇವತ್ತಿಗೂ ಮಿನೆಸೋಟಾದ ಹಿಮ ಹೊತ್ತು ನಿಂತಿದೆ. ಅಜ್ಜ ಊರ್ಹೊ ಕಬ್ಬಿಣದ ಗಣಿಯಲ್ಲಿ ಮೂವತ್ತು ವರ್ಷ ಸಿಡಿಮದ್ದು ತುಂಬಿ, ಹತ್ತೂ ಬೆರಳನ್ನು ಮನೆಗೆ ವಾಪಸು ತಂದವನು. ಅವ್ವ ಲೆಂಪಿ ಕಣ್ಣು ಹೋದ ಮೇಲೂ ಕಾಲುಚೀಲ ಹೆಣೆದಳು, ಒಂದು ಕುಣಿಕೆಯೂ ತಪ್ಪಲಿಲ್ಲ. ಇಂಥ ಕೈಗಳ ಸಾಲಿನಲ್ಲಿ ಕೊನೆಯದು ಐಲಿಯ ಕೈ.

ನಮ್ಮ ವಿಶ್ವವಿದ್ಯಾಲಯದ ಮಿದುಳಿನ ಪ್ರಯೋಗಶಾಲೆಯಲ್ಲಿ ಅವಳ ಕೆಲಸ ಸೂಜಿಯದು. ಕೂದಲಿಗಿಂತ ಸಣ್ಣ ಮೊನೆಯ ಗಾಜಿನ ಸೂಜಿಯನ್ನು, ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು, ತಿರುಪು ತಿರುಗಿಸುತ್ತ ಇಲಿಯ ಕಿರುಮಿದುಳಿನ ಒಂದು ಕೋಶಕ್ಕೆ ತಾಗಿಸಬೇಕು. ತಾಗಬೇಕು, ಹಾಯಬಾರದು. ಇಪ್ಪತ್ತಾರು ವರ್ಷ ಅವಳು ತಾಗಿಸಿದಳು, ಪ್ರೊಫೆಸರ್ ಟ್ವೈಟ್ ಬರೆದು ಹೆಸರು ಮಾಡಿದರು. ಕೈ ಹೇಗೆ ಕಲಿಯುತ್ತದೆ ಎಂಬುದೇ ಅವರ ವಿದ್ಯೆ. ಅವರ ಸ್ವಂತ ಕೈ ಮಾತ್ರ ಏನೂ ಕಲಿತಿರಲಿಲ್ಲ. ಹುಳಿಯಲ್ಲಿಟ್ಟ ಮೀನಿನ ಭರಣಿಯ ಮುಚ್ಚಳ ತೆಗೆಸಿಕೊಳ್ಳಲು ಪ್ರಯೋಗಶಾಲೆಯ ಯಂತ್ರಭಾಗ ಕಡೆದುಕೊಡುವ ನನ್ನ ಲೇತಿನ ಷೆಡ್ಡಿಗೆ ಬರುತ್ತಿದ್ದರು.

ಅವರು ಕಸಕ್ಕೆ ಹಾಕಿದ ಕಾಗದ ಓದಿಯೇ ಆ ವಿದ್ಯೆ ನನಗೂ ಹತ್ತಿತು. ಕೈ ಗುರಿ ತಪ್ಪಿದ ಕೂಡಲೇ ಕಿರುಮಿದುಳಿನಲ್ಲಿ ಒಂದು ನರ ಅತ್ತೆಯ ಹಾಗೆ ಗದರುತ್ತದೆ. ಆಗ ತಪ್ಪು ಹೇಳಿಕೊಟ್ಟ ನರಗಳ ಸಂದು ತುಸು ಸಡಿಲವಾಗುತ್ತದೆ. ಹೀಗೆ ತಪ್ಪು ಸವೆದು ಸವೆದು ಉಳಿದದ್ದೇ ಕೈಚಳಕ. ಗದರಿಕೆ ಇಲ್ಲದೆ ಸವೆತವಿಲ್ಲ.

ಹೋದ ಅಕ್ಟೋಬರಿನಲ್ಲಿ ಐಲಿಯ ಅದೇ ಕಿರುಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿತು. ಚೇತರಿಸಿಕೊಂಡು ನಡೆದಾಡಿದಳು. ಬಲಗೈ ಮಾತ್ರ ಲೋಟ ಹಿಡಿಯಹೋದರೆ ಲೋಟ ದಾಟಿ ಹೋಗುತ್ತಿತ್ತು. ಮಾರ್ಚ್ ಕೊನೆಗೆ ಒಂದೇ ದಿನ ಮೂರು ಕೋಶಗಳಿಗೆ ಸೂಜಿ ತಾಗಿಸಿ ತೋರಿಸಬೇಕು, ಆಗದಿದ್ದರೆ ಟಪಾಲು ಹಂಚುವ ಕೆಲಸ ಎಂದಿತು ಇಲಾಖೆ.

ಜನವರಿಯಲ್ಲಿ ದಿನಕ್ಕೆ ನಲವತ್ತು ಸೂಜಿ ಮುರಿದಳು. ಪ್ರೊಫೆಸರರ ಕರುಳು ಚುರ್ರೆಂದಿತು. ಅವಳಿಗೆ ತಿಳಿಯದಂತೆ ಮೇಜಿನಡಿಯಿಂದ ತಿರುಪಿಗೆ ಒಂದು ಮೋಟಾರು ಕಟ್ಟಿಸಿದರು. ಕೈ ಎಷ್ಟೇ ದಾಟಿದರೂ ಸೂಜಿ ಗುರಿಯಲ್ಲೇ ನಿಲ್ಲುತ್ತಿತ್ತು. ಅದನ್ನು ಕಡೆದುಕೊಟ್ಟ ಪಾಪ ನನ್ನದು. ಮೂರು ವಾರ ಒಂದು ಸೂಜಿಯೂ ಮುರಿಯಲಿಲ್ಲ. ಪ್ರೊಫೆಸರರು ಕೇಕು ತಂದರು.

"ನೋಡಿದ್ರಾ, ಕೈ ಕಲಿತೇಬಿಡ್ತು!"

"ಕಲಿತಿದ್ರೆ ಈ ಕಾಫಿ ಯಾಕೆ ನನ್ ತೊಡೆ ಮೇಲೆ ಚೆಲ್ಲಿದೆ?" ಅಂದಳು ಐಲಿ.

ಬಗ್ಗಿ ಮೇಜಿನಡಿ ನೋಡಿದಳು. ಮೋಟಾರು ಕಂಡಿತು. ಎದ್ದು ನನ್ನ ಕಡೆ ತಿರುಗಿದಳು.

"ರೂನೆ, ಇದು ನಿನ್ ಕೆಲ್ಸ ಅಲ್ವೇನೋ? ಮುದುಕ ಆದ್ರೂ ಬುದ್ಧಿ ಬರ್ಲಿಲ್ಲ ನಿಂಗೆ."

ಸ್ಪ್ಯಾನರ್ ತಂದು ಬಿಚ್ಚಿ ಒಗೆದಳು. ತಿರುಪು ಮುಟ್ಟಿದಳೋ ಇಲ್ಲವೋ, ಸೂಜಿ ಟಿಕ್ಕೆಂದು ಮುರಿಯಿತು. ಕೈ ಜನವರಿಯಲ್ಲೇ ಕೂತಿತ್ತು. ತಪ್ಪಿನಿಂದಲೇ ಕೈ ಕಲಿಯುತ್ತದೆ ಎಂದು ಹನ್ನೊಂದು ಪ್ರಬಂಧ ಬರೆದ ಮನುಷ್ಯ ಅವಳ ತಪ್ಪನ್ನೇ ಕದ್ದಿದ್ದರು! ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅನ್ನುತ್ತಾರೆ. ಇವರಲ್ಲಿ ಒಕ್ಕಾಲೇ ತುಂಬಿ ತುಳುಕುತ್ತಿತ್ತು.

ಆಮೇಲೆ ಅವಳು ದಿನವೂ ಬೆಳಗಿಂದ ಸಂಜೆವರೆಗೆ ಸೂಜಿ ಮುರಿದಳು. ಮೂವತ್ತೆಂಟು, ಇಪ್ಪತ್ತಾರು, ಒಂದು ದಿನ ಮತ್ತೆ ಮೂವತ್ತು, ಆಮೇಲೆ ಹನ್ನೊಂದು.

ಪರೀಕ್ಷೆಯ ದಿನ ಎರಡು ಕೋಶ ತಾಗಿದವು. ಮೂರನೆಯದರ ಹೊತ್ತಿಗೆ ಕೈ ಸೋತು ಮತ್ತೆ ಗುರಿ ದಾಟತೊಡಗಿತು. ಇಲಾಖೆಯವನು ಕಾಫಿಗೆ ಹೋಗಿದ್ದ. ಪ್ರೊಫೆಸರರು ಮೆಲ್ಲಗೆ ಅವಳ ಮಣಿಕಟ್ಟು ಹಿಡಿದರು.

"ಸುಮ್ನೆ ಆಸರೆಗೆ, ಐಲಿ. ಯಾರೂ ನೋಡ್ತಿಲ್ಲ."

ಅವಳು ಸೂಕ್ಷ್ಮದರ್ಶಕದಿಂದ ಕಣ್ಣು ಕೀಳಲಿಲ್ಲ.

"ಕೈ ತೆಗೀರಿ ಪ್ರೊಫೆಸರೇ. ಮುರಿದ್ರೆ ನಾನೇ ಮುರೀತೀನಿ, ನಾಳೆ ಟಪಾಲಾದ್ರೂ ಹಂಚ್ತೀನಿ. ನೀವು ಹಿಡ್ಕೊಂಡ್ರೆ ತಪ್ಪು ನಿಮ್ದಾಗುತ್ತೆ, ಕಲಿಯೋದೂ ನಿಮ್ ಪಾಲಿಗೇ ಹೋಗುತ್ತೆ. ಅಷ್ಟೊಂದು ಕಲೀಬೇಕು ಅಂತಿದ್ರೆ ಹೋಗಿ ಆ ಮೀನಿನ ಭರಣಿ ತೆಗೀರಿ."